ನಾಲ್ಕು ಹನಿಯ ಹೊತ್ತಿಗೆ

ಹನಿ ಬೀಳುವಾಗ ಎಲ್ಸಿರಾ ಉಸಿರು ಬಿಗಿಹಿಡಿಯುತ್ತಿದ್ದಳು. ಕಂದು ಬಣ್ಣದ ಆ ಪುಟ್ಟ ಸೀಸೆಯನ್ನು ಬಗ್ಗಿಸಿದರೆ ಮೊದಲನೆಯ ಹನಿ ಬರಲೋ ಬೇಡವೋ ಎಂದು ತುದಿಯಲ್ಲೇ ನಿಂತಿರುತ್ತದೆ. ಆಮೇಲಿನವು ಒಂದರ ಬೆನ್ನಿಗೊಂದು ಜಾರಿಬಿಡುತ್ತವೆ. ಕೈ ನಡುಗಿತೋ, ಐದರ ಜಾಗದಲ್ಲಿ ಆರು. ಆಗ ಲೋಟದ ನೀರು ಚೆಲ್ಲಿ, ತೊಳೆದು, ಮತ್ತೆ ಮೊದಲಿನಿಂದ. ಬೆಳಗ್ಗೆ ಕಿಟಕಿಯ ಹತ್ತಿರ ನಿಂತು ಮಾಡುವ ಈ ಕೆಲಸಕ್ಕೆ ಕೆಲವು ದಿನ ಅರ್ಧ ಗಂಟೆಯೇ ಹಿಡಿಯುತ್ತಿತ್ತು.

ಅವಳಿಗೆ ಅರವತ್ತಾರು ವರ್ಷ. ತೊಮೆ ಊರಿನ ಗುಡ್ಡದ ಮೇಲೆ, ಸಮುದ್ರಕ್ಕೆ ಮುಖ ಮಾಡಿದ ಹಲಗೆಯ ಮನೆಯಲ್ಲಿ ಅಕ್ಕ ನೋಲ್ಫಾಳ ಜೊತೆ ಇದ್ದಳು. ಉಣ್ಣೆ ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಇಬ್ಬರೂ ಅಲ್ಲಿ ರಫು ಮಾಡುವವರು. ಮಗ್ಗದಿಂದ ಇಳಿದ ಬಟ್ಟೆಯನ್ನು ಬೆಳಕಿಗೆ ಹಿಡಿದು, ತಪ್ಪಿಹೋದ ಎಳೆಯನ್ನು ಹುಡುಕಿ, ಯಾರ ಕಣ್ಣಿಗೂ ಬೀಳದ ಹಾಗೆ ಸೂಜಿಯಲ್ಲಿ ಸೇರಿಸುವ ಕೆಲಸ. ಈಗ ಎಲ್ಸಿರಾಳ ಕೈಗೆ ಸೂಜಿಯ ಕಣ್ಣಿಗೆ ದಾರ ಪೋಣಿಸುವುದೂ ಆಗುತ್ತಿರಲಿಲ್ಲ.

ಕ್ಲೊನಜೆಪಾಮ್ ಎಂಬ ಆ ಮಂಪರಿನ ಔಷಧಿ ಅವಳ ಮೈಗೆ ಸೇರಿ ಇಪ್ಪತ್ತನಾಲ್ಕು ವರ್ಷ. ಮೀನಿನ ದೋಣಿಗೆ ಹೋದ ಹತ್ತೊಂಬತ್ತರ ಮಗ ರಾಮಿರೊ ದೋಣಿಯ ಜೊತೆ ವಾಪಸು ಬರಲಿಲ್ಲ. ಮೂರು ದಿನದ ಮೇಲೆ ಅವನನ್ನು ಅಲೆ ತಂದು ದಡಕ್ಕೆ ಹಾಕಿತು. ಆ ಗುಡ್ಡದಲ್ಲಿ ಸಾವಿನ ಮನೆಗೆ ಯಾರೂ ಬರಿಗೈಲಿ ಹೋಗುವುದಿಲ್ಲ. ಒಬ್ಬರು ಬ್ರೆಡ್ಡು ತರುತ್ತಾರೆ, ಒಬ್ಬರು ಸಕ್ಕರೆ, ಒಬ್ಬರು ಸಾರಿಗೆ ಕೋಳಿ. ಸತ್ತವನ ತಾಯಿಗೋ ಹೆಂಡತಿಗೋ ಯಾರಾದರೂ ಒಂದು ಮಾತ್ರೆ. ಭಾನುವಾರದ ಸಂತೆಯಲ್ಲಿ ಕೊತ್ತಂಬರಿ ಕಟ್ಟಿನ ಪಕ್ಕದಲ್ಲೇ ಸಿಗುವ ಮಾತ್ರೆ. ಅವತ್ತು ಚಿಕ್ಕಮ್ಮನೊಬ್ಬಳು ಅದನ್ನು ಎಲ್ಸಿರಾಳ ನಾಲಿಗೆಯ ಕೆಳಗಿಟ್ಟು, "ಕಣ್ಮುಚ್ಕೊ ಮಗಳೇ, ಸಮಾಧಾನ ಆಗುತ್ತೆ" ಎಂದು ತಲೆ ಸವರಿದಳು. ಸಮಾಧಾನ ಆಯಿತು. ಸಂಜೆ ಇನ್ನೊಂದು, ಮರುದಿನ ಇನ್ನೊಂದು. ತಿಂಗಳು ಕಳೆದ ಮೇಲೆ ಸರ್ಕಾರಿ ದವಾಖಾನೆಯವರೇ ಚೀಟಿ ಬರೆದುಕೊಟ್ಟರು. ಮಗನ ಶವಪೆಟ್ಟಿಗೆಯನ್ನು ಯಾರು ಹೊತ್ತರು, ಮಳೆ ಬಂತೋ ಬಿಸಿಲಿತ್ತೋ, ಮಣ್ಣು ಹಾಕುವಾಗ ತಾನು ಎಲ್ಲಿ ನಿಂತಿದ್ದೆ—ಊರಿಗೆಲ್ಲ ನೆನಪಿದ್ದ ಆ ಎರಡು ದಿನ ಹೆತ್ತವಳಿಗೆ ಮಾತ್ರ ಇರಲಿಲ್ಲ.

ಎರಡು ವರ್ಷದ ಹಿಂದೆ ದವಾಖಾನೆಗೆ ಹೊಸದಾಗಿ ಬಂದ ಡಾಕ್ಟರ್ ಸೆಪುಲ್ವೆದಾ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದಳು: "ಅಮ್ಮಾ, ಇದನ್ನ ನಿಮಗೆ ಯಾಕೆ ಕೊಟ್ಟಿದ್ದು ಅಂತ ಯಾರಾದ್ರೂ ಹೇಳಿದಾರಾ?"

"ಮಗ ಹೋದ ಅಂತ."

"ಯಾವಾಗ?"

ಎಲ್ಸಿರಾ ಹೇಳಿದಳು. ಡಾಕ್ಟರ್ ಪೆನ್ನು ಕೆಳಗಿಟ್ಟಳು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರೂ ಅವಳು ಅವತ್ತು ಆತುರಪಡಲಿಲ್ಲ. ಮಾತ್ರೆ ಬದಲು ಅದೇ ಔಷಧಿಯ ಹನಿ ಬರೆದುಕೊಟ್ಟಳು. ಇಪ್ಪತ್ತು ಹನಿಯಿಂದ ಶುರು. ತಿಂಗಳಿಗೆ ಒಂದು ಇಳಿಸುವುದು, ಆಗದಿದ್ದರೆ ಇದ್ದಲ್ಲೇ ನಿಲ್ಲುವುದು. "ಒಮ್ಮೆಗೇ ಮಾತ್ರ ಬಿಡ್ಬೇಡಿ, ಫಿಟ್ಸ್ ಬರುತ್ತೆ. ಅವಸರ ಬೇಡ. ಕಷ್ಟ ಇದೆ, ಸುಳ್ಳು ಹೇಳಲ್ಲ."

ಕಷ್ಟ ಅನ್ನುವುದು ಸಣ್ಣ ಮಾತಾಯಿತು. ಹನಿ ಇಳಿಸಿದ ಮೂರು ದಿನ ಏನೂ ಆಗುತ್ತಿರಲಿಲ್ಲ. ನಾಲ್ಕನೆಯ ದಿನ ಚರ್ಮದ ಕೆಳಗೆ ಬಿಸಿ ಮರಳು ಹರಿಯತೊಡಗುತ್ತಿತ್ತು. ನೆಲ ದೋಣಿಯ ಹಾಗೆ ಓಲಾಡುತ್ತಿತ್ತು. ಹಾಲು ಕಬ್ಬಿಣದ ರುಚಿ, ಹಲ್ಲುಗಳೆಲ್ಲ ಸಡಿಲವಾದ ಹಾಗೆ, ಕಡಲಹಕ್ಕಿ ಕೂಗಿದರೆ ಕಿವಿಗೆ ಸೂಜಿ ಇಳಿದ ಹಾಗೆ. ಎಲ್ಲಕ್ಕಿಂತ ಕೆಟ್ಟದ್ದು ಭಯ. ಪಾತ್ರೆ ತೊಳೆಯುತ್ತ ನಿಂತವಳಿಗೆ, ಈಗಷ್ಟೇ ಯಾರೋ ಬಂದು ಕೆಟ್ಟ ಸುದ್ದಿ ಹೇಳಿ ಬಾಗಿಲೆಳೆದುಕೊಂಡು ಹೋದರು ಅನ್ನಿಸುತ್ತಿತ್ತು. ಸುದ್ದಿ ಏನೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತು ಹಾಸಿಗೆಯ ಅಂಚಿಗೆ ಕೂತು, ಎರಡೂ ಕೈಯಲ್ಲಿ ಮಂಚದ ಕಟ್ಟು ಹಿಡಿದುಕೊಂಡು, ಇದು ಮುಗಿಯುವುದಿಲ್ಲ, ಇದು ಹೀಗೇ ಇರುತ್ತದೆ ಎಂದು ಅವಳು ಗೋಡೆಗೆ ಹೇಳಿಕೊಳ್ಳುತ್ತಿದ್ದಳು.

ಗುಡ್ಡದ ಜನಕ್ಕೆ ಹನಿಯ ವಿಷಯ ಗೊತ್ತಾಗಲು ತಡವಾಗಲಿಲ್ಲ. ಬ್ರೆಡ್ಡಿನ ಅಂಗಡಿಯ ಮುದುಕ ಬೆಲಾರ್ಮಿನೊ ಅವಳು ಮೆಟ್ಟಿಲು ಹತ್ತುವುದು ಕಂಡರೆ ರೇಡಿಯೊ ಸಣ್ಣದು ಮಾಡುತ್ತಿದ್ದ. ಬಾಡಿಗೆ ಕಾರಿನ ಡ್ರೈವರು ಅವಳು ಸರಿಯಾಗಿ ಕೂತಳೆಂದು ಕನ್ನಡಿಯಲ್ಲಿ ನೋಡಿಕೊಂಡೇ ಗಾಡಿ ಎತ್ತುತ್ತಿದ್ದ. ಪಕ್ಕದ ಮನೆಯ ಮಿರೆಯಾ ತನ್ನ ಗೇಟಿನ ಕೀಲಿಗೆ ಅಡುಗೆ ಎಣ್ಣೆ ಸುರಿದು, ಆ ಕಿರುಗುಟ್ಟುವ ಸದ್ದನ್ನೇ ಇಲ್ಲವಾಗಿಸಿದ್ದಳು. ರಾಮಿರೊನ ಜ್ಞಾನಸ್ನಾನದ ದಿನ ಕೂಸನ್ನು ಎತ್ತಿಕೊಂಡು ನಿಂತವಳು ಈ ಮಿರೆಯಾ. ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಮಾದ್ರೆ', ಅಂದರೆ ಜೊತೆತಾಯಿ, ಎಂದೇ ಕರೆಯುತ್ತಿದ್ದರು, ಜಗಳವಾಡುವಾಗಲೂ.

ಒಂಬತ್ತು ಹನಿಗೆ ಇಳಿದ ತಿಂಗಳು ಎಲ್ಸಿರಾಳಿಗೆ ಅಳು ಬಂತು. ಏನಕ್ಕೂ ಅಲ್ಲ, ಸೀದುಹೋದ ಒಂದು ಬ್ರೆಡ್ಡಿನ ತುಂಡಿಗೆ. ಆ ಸುಟ್ಟ ವಾಸನೆಯ ಹಿಂದೆಯೇ ರಾಮಿರೊ ಬಂದ. ಸುಟ್ಟಿದ್ದನ್ನೇ ಬೇಕೆಂದು ಕೇಳಿ ತಿನ್ನುತ್ತಿದ್ದ ಹುಡುಗ. ಇಪ್ಪತ್ತಮೂರು ವರ್ಷ ಆ ಕಣ್ಣು ಒದ್ದೆಯಾಗಿರಲಿಲ್ಲ. ನೋಲ್ಫಾ ಒಳಗಿನಿಂದ ಬಂದು, ತಂಗಿಯ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಳು.

"ಅಳು, ಅಳು," ಅಂದಳು. "ಹಳೇ ನಲ್ಲಿ ಥರ ಮೊದಲು ತುಕ್ಕು ನೀರು ಬರ್ಲಿ."

ಆ ಹೊಟ್ಟೆಯಲ್ಲೇ ಆಗ ರೋಗ ಬೆಳೆಯುತ್ತಿತ್ತು. ಆ ಕಡೆ ಜೂನಿಗೆ ಬರುವ ಚಳಿಗಾಲ ಶುರುವಾಗುವ ಹೊತ್ತಿಗೆ ನೋಲ್ಫಾಳ ಕಣ್ಣು ಹಳದಿಯಾಯಿತು. ಪಿತ್ತಕೋಶದ ಕ್ಯಾನ್ಸರ್ ಅಂದರು. ಆಪರೇಷನ್ನಿನ ಮಾತೇ ಎತ್ತಲಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ ನೋಲ್ಫಾ ತಂಗಿಯನ್ನು ಹಾಸಿಗೆಯ ಹತ್ತಿರ ಕರೆದಳು. ಬೆನ್ನಿಗೆ ಮೂರು ದಿಂಬು, ಕಾಲ ಬಳಿ ಬೆಕ್ಕು. ಎಪ್ಪತ್ತೇಳು ವರ್ಷದ ಮುಖ ಹಿಂಡಿದ ಬಟ್ಟೆಯ ಹಾಗೆ ಸಣ್ಣದಾಗಿತ್ತು. ನಾಲಿಗೆ ಮಾತ್ರ ಸಣ್ಣದಾಗಿರಲಿಲ್ಲ.

"ಈಗೆಷ್ಟು ಹನಿ?"

"ಐದು."

"ನಾನು ಹೋಗೋ ಹೊತ್ತಿಗೆ ಎಷ್ಟಿರುತ್ತೆ?"

"ಅಕ್ಕಾ, ಸುಮ್ನಿರೇ."

"ಸುಮ್ನಿರೋದಕ್ಕೆ ಬೇಕಾದಷ್ಟು ಟೈಮಿದೆ ಮುಂದೆ. ಕೇಳಿಲ್ಲಿ. ರಾಮಿರೊ ಪೆಟ್ಟಿಗೆ ಮುಂದೆ ನೀನು ಕೂತಿದ್ದು ನೆನಪಿದೆಯಾ? ಎಲ್ಲಿಂದ ಇರುತ್ತೆ! ಕಾವಿಗೆ ಕೂತ ಕೋಳಿ ಥರ ತೂಕಡಿಸ್ತಿದ್ದೆ. ಪಾದ್ರಿ ಬಂದು ಕೈ ಹಿಡಿದ್ರೆ, 'ಊಟ ಮಾಡಿ ಹೋಗಿ' ಅಂದೆ. ಜನ ನಕ್ಕಿಲ್ಲ ಅಷ್ಟೆ. ನನಗೆ ಅವತ್ತು ಎರಡು ಹೆಣ ಕಾಯ್ದ ಹಾಗಾಯ್ತು."

ಎಲ್ಸಿರಾಳಿಗೆ ಕಾಲಿನ ಸೆಳೆತ ಶುರುವಾಗಿತ್ತು. ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನನ್ನದಕ್ಕೆ ಎಚ್ಚರ ಇರು," ಅಂದಳು ನೋಲ್ಫಾ. "ಬಾಯಿ ಬಡ್ಕೊ, ಕೂದಲು ಕಿತ್ಕೊ, ನನ್ನ ಬೈದ್ರೂ ಸರಿ. ಆದ್ರೆ ಇರು. ಮದುವೆಯಿಲ್ಲ, ಮಕ್ಕಳಿಲ್ಲ, ನನಗೆ ಅಳೋಕೆ ನಿನ್ನ ಬಿಟ್ರೆ ಯಾರಿದಾರೆ? ಈ ಬೆಕ್ಕಾ?"

"ಇರ್ತೀನಿ."

"ಯಾರು ಏನು ಕೊಟ್ರೂ ಬಾಯಿ ಬಿಡ್ಬೇಡ."

"ಬಿಡಲ್ಲ ಅಕ್ಕಾ."

ಆ ಸಂಜೆಯೇ ಎಲ್ಸಿರಾ ಬೇಲಿಯ ಹತ್ತಿರ ಹೋಗಿ ಮಿರೆಯಾಳಿಗೆ ಎಲ್ಲ ಹೇಳಿದಳು. "ಕೊಮಾದ್ರೆ, ನಾನು ಎಷ್ಟೇ ಕೂಗಾಡಿದ್ರೂ ನನಗೇನೂ ಕೊಡ್ಬೇಡ, ಬೇರೆಯವರಿಗೂ ಕೊಡೋಕೆ ಬಿಡ್ಬೇಡ. ಕಾವಲು ನೀನೇ."

"ನನ್ನ ದಾಟಿ ಒಂದು ಕಾಳೂ ನಿನ್ನ ಬಾಯಿಗೆ ಹೋಗಲ್ಲ," ಅಂದಳು ಮಿರೆಯಾ. ಅವಳು ಆ ಮಾತನ್ನು ಮನಸ್ಸಿನಿಂದಲೇ ಹೇಳಿದಳು. ಆಮೇಲೆ ನಡೆದದ್ದಕ್ಕೆ ಅವಳ ಕೆಟ್ಟ ಮನಸ್ಸು ಕಾರಣ ಎಂದು ಯಾರೂ ತಿಳಿಯಬಾರದು.

ಆಗಸ್ಟ್ ಮುದುಕರನ್ನು ಕರೆದೊಯ್ಯುವ ತಿಂಗಳು ಎಂದು ಆ ಕಡೆ ಎಲ್ಲರೂ ಹೆದರುತ್ತಾರೆ. ದಾಟಿದವರು ಸೆಪ್ಟೆಂಬರ್ ಒಂದಕ್ಕೆ ಒಬ್ಬರಿಗೊಬ್ಬರು ಅಭಿನಂದನೆ ಹೇಳಿಕೊಳ್ಳುತ್ತಾರೆ. ನೋಲ್ಫಾ ಒಂದನೇ ತಾರೀಖು ಒಂದು ಚಮಚ ವೈನು ತುಟಿಗೆ ಸೋಕಿಸಿಕೊಂಡು, "ನೋಡ್ರೇ, ದಾಟಿದೆ" ಅಂದಳು. ಮೂರನೇ ತಾರೀಖು ಬೆಳಗ್ಗೆ, ಎಲ್ಸಿರಾ ಕಿಟಕಿಯಲ್ಲಿ ನಿಂತು ನಾಲ್ಕು ಹನಿ ಎಣಿಸುತ್ತಿದ್ದಾಗ, ಒಳಗಿನ ಉಸಿರಿನ ಸದ್ದು ನಿಂತಿತು.

ಎಲ್ಸಿರಾ ಲೋಟದ ನೀರು ಕುಡಿದು ಒಳಗೆ ಹೋದಳು. ಅಕ್ಕನ ಮೈ ಇನ್ನೂ ಬೆಚ್ಚಗಿತ್ತು. ಮಿರೆಯಾಳ ಜೊತೆ ಸೇರಿ ಅವಳೇ ಸ್ನಾನ ಮಾಡಿಸಿದಳು. ಗಿರಣಿಯ ಬೂದು ಬಟ್ಟೆಯಲ್ಲಿ ನೋಲ್ಫಾ ತಾನೇ ಹೊಲಿದುಕೊಂಡಿದ್ದ ಕೋಟು-ಲಂಗ ತೊಡಿಸಿದಳು. ಗುಂಡಿ ಹಾಕುವಾಗ ಬೆರಳು ಅದುರಿದವು, ಆದರೂ ಎಲ್ಲ ಗುಂಡಿ ಅವಳೇ ಹಾಕಿದಳು. ಇದೆಲ್ಲ ಅವಳಿಗೆ ನೆನಪಿದೆ. ಅಕ್ಕನ ಎಡ ಕಿವಿಯ ಹಿಂದೆ ಒಂದು ಮಚ್ಚೆಯಿದ್ದದ್ದನ್ನು ಜೀವಮಾನದಲ್ಲಿ ಮೊದಲ ಸಲ ಕಂಡದ್ದೂ ನೆನಪಿದೆ.

ಮಧ್ಯಾಹ್ನಕ್ಕೆ ಪೆಟ್ಟಿಗೆ ಬಂತು. ಮುಖದ ಮೇಲೆ ಗಾಜಿನ ಕಿಟಕಿಯಿದ್ದ ಪೆಟ್ಟಿಗೆಯನ್ನು ನಡುಮನೆಯಲ್ಲಿಟ್ಟು, ಸುತ್ತ ಮೇಣದ ಬತ್ತಿ ಹಚ್ಚಿದರು. ಗೋಡೆಗೊತ್ತಿ ಕುರ್ಚಿ ಹಾಕಿದರು. ಗಿರಣಿಯ ಹಳೆಯ ಹೆಂಗಸರು ಒಬ್ಬೊಬ್ಬರಾಗಿ ಬಂದರು; ಬೆಲಾರ್ಮಿನೊ ಎರಡು ಬುಟ್ಟಿ ಬ್ರೆಡ್ಡು ಕಳಿಸಿದ. ಅಡುಗೆಮನೆಯಲ್ಲಿ ಕೋಳಿ ಸಾರು ಕುದಿಯಿತು.

ಎಲ್ಸಿರಾ ಪೆಟ್ಟಿಗೆಯ ತಲೆಯ ಕಡೆ ನಿಂತಳು. ಮೊದಲು ಸುಮ್ಮನೆ ಅತ್ತಳು. ಆಮೇಲೆ ಅದು ಅಳುವಿಗಿಂತ ದೊಡ್ಡದಾಯಿತು. ಹನಿ ಇಳಿಸಿ ಇಳಿಸಿ ಚರ್ಮವೇ ಇಲ್ಲದಂತಾಗಿದ್ದ ಮೈ ಅದು. ಇಪ್ಪತ್ತನಾಲ್ಕು ವರ್ಷದ ಹಿಂದಿನದೂ ಅವತ್ತಿನದೂ ಒಟ್ಟಿಗೇ ಎದ್ದು ಬಂದವು. ಅವಳು ಗಾಜಿನ ಮೇಲೆ ಹಣೆ ಇಟ್ಟು ಊಳಿಟ್ಟಳು. "ನನ್ನ ಬಿಟ್ಟು ಎಲ್ಲಿಗೇ ಹೋದೆ, ಮುದುಕೀ, ಮೋಸಗಾತಿ!" ಎಂದಳು. ಮಗನ ಹೆಸರು ಕೂಗಿದಳು. ಪೆಟ್ಟಿಗೆಯ ಅಂಚು ಹಿಡಿದು ನಡುಗಿದಳು, ಬತ್ತಿಗಳು ನಡುಗಿದವು. ಆ ನೋವಿನ ಒಳಗೆ ಎಲ್ಲೋ ಒಂದು ಸಣ್ಣ ಜಾಗದಲ್ಲಿ ಅವಳಿಗೆ ತೃಪ್ತಿಯೂ ಇತ್ತು: ಇದ್ದೇನೆ ಅಕ್ಕಾ, ಎಚ್ಚರವಾಗಿದ್ದೇನೆ.

ಕುರ್ಚಿಯಲ್ಲಿ ಕೂತವರಿಗೆ ಆ ಜಾಗ ಕಾಣುವಂತಿರಲಿಲ್ಲ.

"ಈ ಹೆಂಗಸು ಸಾಯ್ತಾಳೆ ಇಲ್ಲೇ," ಅಂದಳು ಒಬ್ಬಳು.

"ತುಟಿ ನೋಡ್ರೇ, ನೀಲಿ. ಏನಾದ್ರೂ ಕೊಡ್ಬಾರ್ದಾ?"

"ಬೇಡ ಅಂದಿದಾಳೆ," ಅಂದಳು ಮಿರೆಯಾ.

"ಬೇಡ ಅನ್ನೋಳ ಮಾತು ಕೇಳ್ಕೊಂಡು ಇನ್ನೊಂದು ಪೆಟ್ಟಿಗೆ ತರ್ಸ್ತೀಯಾ?"

ಮಿರೆಯಾ ಒಂದು ಗಂಟೆ ತಡೆದಳು. ಆಮೇಲೆ ಅಡುಗೆಮನೆಗೆ ಹೋಗಿ, ನಿಂಬೆ ವಾಸನೆಯ ಸೊಪ್ಪಿನ ಕಷಾಯಕ್ಕೆ ನೀರಿಟ್ಟಳು.

"ಕೊಮಾದ್ರೆ, ಬರೀ ಕಷಾಯ. ಗಂಟಲಾದ್ರೂ ಒದ್ದೆ ಮಾಡ್ಕೊ."

ಸಕ್ಕರೆ ಹೆಚ್ಚಾಗಿತ್ತು. ಎಲ್ಸಿರಾಳಿಗೆ ನೆನಪಿರುವ ಕೊನೆಯ ಸಂಗತಿ ಆ ಸಿಹಿ.

ಅವಳು ಕಣ್ಣು ಬಿಟ್ಟಾಗ ಬಿಸಿಲು ಹೊದಿಕೆಯ ಮೇಲಿತ್ತು. ನಾಲಿಗೆ ಹತ್ತಿಯ ಹಾಗೆ ದಪ್ಪ. ಮೈಯಲ್ಲಿ ಮರಳಿಲ್ಲ, ಭಯವಿಲ್ಲ, ಕಿವಿಯಲ್ಲಿ ಸೂಜಿಯಿಲ್ಲ. ಎಷ್ಟು ಹಾಯಾಗಿದೆ ಅಂದುಕೊಂಡಳು. ಆ ಹಾಯಿ ಯಾವುದೆಂದು ಮೈ ಗುರುತು ಹಿಡಿದ ಕ್ಷಣ ಅವಳು ಎದ್ದು ಕೂತಳು.

ನಡುಮನೆ ಗುಡಿಸಿತ್ತು. ಕುರ್ಚಿಗಳು ಅವರವರ ಮನೆಗೆ ಹೋಗಿದ್ದವು. ನೆಲದ ಮೇಲೆ ಮೇಣದ ನಾಲ್ಕು ಕಲೆ. ಅಡುಗೆಮನೆಯಲ್ಲಿ ಮಿರೆಯಾ ಸಾರು ಬಿಸಿ ಮಾಡುತ್ತಿದ್ದಳು.

"ಅಕ್ಕ ಎಲ್ಲಿ?"

ಮಿರೆಯಾ ಸೌಟು ಹಿಡಿದುಕೊಂಡೇ ತಿರುಗಿದಳು. "ನಿನ್ನೆ ಮಧ್ಯಾಹ್ನ ಆಯ್ತಲ್ಲ ಕೊಮಾದ್ರೆ. ಎಷ್ಟು ಜನ! ನೀನೇ ಮುಂದೆ ನಡ್ಕೊಂಡು ಹೋದೆ, ನನ್ನ ಕೈ ಹಿಡ್ಕೊಂಡು."

"ಇವತ್ತು ಎಷ್ಟನೇ ತಾರೀಖು?"

"ಆರು."

ಎಲ್ಸಿರಾ ಕಿಟಕಿಯ ಹತ್ತಿರ ಹೋಗಿ ಕಂದು ಸೀಸೆಯನ್ನು ಎತ್ತಿದಳು. ಅರ್ಧಕ್ಕಿಂತ ಹೆಚ್ಚಿದ್ದದ್ದು ಈಗ ತಳದಲ್ಲಿತ್ತು.

"ಎಷ್ಟು ಹಾಕ್ದೆ?"

ಮಿರೆಯಾಳ ಮುಖ ಕುಸಿಯಿತು. "ನಿನ್ನ ಹಾಗೆ ಎಣಿಸೋಕೆ ನನಗೆಲ್ಲಿ ಬರುತ್ತೆ? ಕೈ ನಡುಗ್ತಿತ್ತು. ಅಲ್ಲಾಡಿಸ್ದೆ, ಬಿತ್ತು."

"ಒಂದು ಸಲಾನಾ?"

"ಅವತ್ತು ಎರಡು ಸಲ. ಮಾರನೇ ದಿನವೂ ನೀನು ಎದ್ದ ತಕ್ಷಣ ಅಳೋಕೆ ಶುರು ಮಾಡ್ದೆ... ನಿನ್ನೆ ಸ್ಮಶಾನಕ್ಕೆ ಹೊರಡೋ ಮುಂಚೆ ಒಂದು ಸಲ. ಕೊಮಾದ್ರೆ, ನೀನು ನೋಡಿಲ್ಲ ನಿನ್ನ ಮುಖಾನ. ನಾನು ನೋಡ್ದೆ. ಕಣ್ಣೆದುರಿಗೆ ಮೈಗೆ ಬೆಂಕಿ ಹತ್ಕೊಂಡ್ರೆ ನೀರು ಹಾಕದೆ ಇರೋಕಾಗುತ್ತಾ?" ಅವಳು ಸೌಟನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು. ಸಾರು ಅವಳ ಏಪ್ರನ್ನಿನ ಮೇಲೆ ಇಳಿಯಿತು.

ಅಳುವವಳನ್ನು ನೋಡುತ್ತ ಎಲ್ಸಿರಾ ತನ್ನೊಳಗೆ ಕೋಪಕ್ಕಾಗಿ ತಡಕಾಡಿದಳು. ಕೋಪವಿರಲಿಲ್ಲ. ದುಃಖವೂ ಇರಲಿಲ್ಲ. ಹನಿ ಅದನ್ನೂ ತೊಳೆದುಬಿಟ್ಟಿತ್ತು. ಗಾಜಿನ ಆಚೆಗಿನ ಯಾರದೋ ಮನೆಯ ಹಾಗೆ ಎಲ್ಲವೂ ಸ್ಪಷ್ಟವಾಗಿ, ಸದ್ದಿಲ್ಲದೆ ಕಾಣುತ್ತಿತ್ತು.

ಮಿರೆಯಾಳೇ ದವಾಖಾನೆಗೆ ಓಡಿದಳು. ಡಾಕ್ಟರ್ ಸೆಪುಲ್ವೆದಾ ಸಂಜೆ ತನ್ನ ಕೆಲಸ ಮುಗಿದ ಮೇಲೆ, ಬಿಳಿ ಕೋಟು ಬಿಚ್ಚಿ ಕೈಗೆ ಹಾಕಿಕೊಂಡು, ಗುಡ್ಡ ಹತ್ತಿ ಬಂದಳು. ಏದುಸಿರು ಬಿಡುತ್ತಲೇ ಕುರ್ಚಿಯ ಅಂಚಿಗೆ ಕೂತು, ಎಲ್ಸಿರಾಳ ನಾಡಿ ಹಿಡಿದಳು.

"ಎರಡು ಮೂರು ದಿನದಲ್ಲಿ ಆ ಸಂಕಟ ಜೋರಾಗಿ ಬರಬಹುದು ಅಮ್ಮಾ, ಮೊದಲಿಗಿಂತ ಜೋರಾಗಿ. ನಾಲ್ಕರಲ್ಲಿ ನಿಲ್ಲೋಕಾದ್ರೆ ನಿಲ್ಲೋಣ. ಆಗ್ದಿದ್ರೆ ಎಂಟಕ್ಕೆ ಹೋಗಿ, ಅಲ್ಲಿಂದ ಮತ್ತೆ ಇಳಿಯೋಣ. ನೀವು ಒಂದ್ಸಲ ಇಳಿದವರು. ಇನ್ನೊಂದ್ಸಲ ಇಳೀತೀರ."

"ಇಳಿದು ಎಲ್ಲಿಗೆ ಹೋಗ್ಲಿ ಡಾಕ್ಟ್ರೇ?" ಎಂದಳು ಎಲ್ಸಿರಾ. ಕೊಂಕಿಲ್ಲದೆ, ದಾರಿ ಕೇಳುವವರ ಹಾಗೆ ಕೇಳಿದಳು. "ಇಬ್ಬರನ್ನೂ ಹೂತಾಯ್ತು. ಎರಡು ಸಲವೂ ನಾನಿರ್ಲಿಲ್ಲ. ಇನ್ನು ಯಾರ ಮುಂದೆ ಎಚ್ಚರ ಇರ್ಬೇಕು?"

ಡಾಕ್ಟರ್ ಸೀಸೆಯನ್ನು ಬೆಳಕಿಗೆ ಹಿಡಿದು, ಎಷ್ಟು ಉಳಿದಿದೆಯೆಂದು ನೋಡಿದಳು. ಹೊರಡುವಾಗ ಬಾಗಿಲ ಬಳಿ ನಿಂತು, "ನಾಳೆ ಬೆಳಗ್ಗೆ ಬರ್ತೀನಿ, ಹನಿ ನಾನೇ ಎಣಿಸಿ ಕೊಡ್ತೀನಿ" ಎಂದಳು. ಎಲ್ಸಿರಾ ತಲೆಯಾಡಿಸಿದಳು. ಒಳ್ಳೆಯ ಹುಡುಗಿ. ಇಡೀ ಗುಡ್ಡದಲ್ಲಿ ಕೆಟ್ಟವರು ಒಬ್ಬರೂ ಇಲ್ಲ. ಬಯ್ಯೋಣವೆಂದರೂ ಯಾರೂ ಇಲ್ಲ.

ಮಿರೆಯಾ ಬಾಗಿಲ ಹಿಂದೆ ತಪ್ಪು ಮಾಡಿದವರ ಹಾಗೆ ನಿಂತಿದ್ದಳು. ಹೊರಗೆ ಇನ್ನೂ ಬೆಳಕಿತ್ತು. ದೋಣಿಗಳು ಬಂದರಿಗೆ ತಿರುಗುತ್ತಿದ್ದವು.

"ಬಾ, ಕೂತ್ಕೊ," ಅಂದಳು ಎಲ್ಸಿರಾ. "ಹೇಳು."

"ಏನು ಹೇಳ್ಲಿ?"

"ಏನೇನಾಯ್ತು ಅಂತ. ಯಾರು ಹೊತ್ರು?"

ಮಿರೆಯಾ ಕೂತಳು. ಮೊದಲು ತಡವರಿಸಿ, ಆಮೇಲೆ ನಿಧಾನವಾಗಿ ಹೇಳಿದಳು. ಗಿರಣಿಯ ಮುದುಕರು ನಾಲ್ವರು, ಬೆಲಾರ್ಮಿನೊನ ಅಳಿಯಂದಿರು ಇಬ್ಬರು ಹೊತ್ತರು. ಬಿಸಿಲಿತ್ತು, ಗಾಳಿಯೂ ಇತ್ತು, ಪಾದ್ರಿಯ ಹಾಳೆ ಹಾರಿ ಹೋಗಿ ಒಬ್ಬಳು ಓಡಿ ತಂದುಕೊಟ್ಟಳು. ಗಿರಣಿಯ ಹೆಂಗಸರೆಲ್ಲ ಒಂದೊಂದು ಎಳೆ ಉಣ್ಣೆ ದಾರ ಪೆಟ್ಟಿಗೆಯ ಮೇಲೆ ಹಾಕಿದರು. ರಾಮಿರೊನ ಪಕ್ಕದಲ್ಲೇ ಜಾಗ ಸಿಕ್ಕಿತು.

"ನಾನು ಅತ್ತೆನಾ?"

ಮಿರೆಯಾ ನೆಲ ನೋಡಿದಳು. "ಇಲ್ಲ. ತುಂಬ ಗಟ್ಟಿಯಾಗಿದ್ದೆ. ಎಲ್ರೂ ಹಾಗೇ ಅಂದ್ರು."

"ಏನೂ ಮಾಡ್ಲಿಲ್ವಾ?"

"ಗಾಜಿನ ಮೇಲೆ ಮುಚ್ಚಳ ಹಾಕೋ ಮುಂಚೆ ನೀನು ಬಗ್ಗಿ ಅವಳಿಗೇನೋ ಹೇಳ್ದೆ. ತುಂಬ ಹೊತ್ತು ಹೇಳ್ದೆ. ಹೊತ್ತವರು ಕಾಯ್ತಾ ನಿಂತಿದ್ರು."

ಎಲ್ಸಿರಾ ಮುಂದಕ್ಕೆ ಬಾಗಿದಳು. "ಏನಂತ?"

"ಎಲ್ಲ ಜೋರಾಗಿ ಪ್ರಾರ್ಥನೆ ಹೇಳ್ತಿದ್ರು ಕೊಮಾದ್ರೆ."

"ಹತ್ರ ಯಾರಿದ್ರು?"

"ಯಾರೂ ಇರ್ಲಿಲ್ಲ. ಜಾಗ ಬಿಟ್ಕೊಟ್ಟಿದ್ವಿ ನಿನಗೆ ಅಂತ."

ಎಲ್ಸಿರಾ ತುಂಬ ಹೊತ್ತು ತನ್ನ ಬಾಯಿಯ ಮೇಲೆ ಬೆರಳಿಟ್ಟುಕೊಂಡು ಕೂತಳು, ಆ ಮಾತು ತುಟಿಯಲ್ಲೆಲ್ಲಾದರೂ ಉಳಿದಿದೆಯೇನೋ ಎಂಬಂತೆ. ಮಿರೆಯಾ ಎದ್ದು ಆರಿಹೋದ ಸಾರನ್ನು ಮತ್ತೆ ಒಲೆಯ ಮೇಲಿಟ್ಟಳು. ಸದ್ದಾಗಬಾರದೆಂದು ಮುಚ್ಚಳದ ಕೆಳಗೆ ಬಟ್ಟೆಯ ತುಂಡೊಂದನ್ನು ಸಿಕ್ಕಿಸಿದಳು.